ಅಪ್‌ಡೇಟ್: ಮಳೆಗಾಲದಲ್ಲಿ ಸೊರಗುತ್ತಿದ್ದ ಜೇನು ಕುಟುಂಬಗಳು ಚೇತರಿಸಿಕೊಂಡವು

ಎಲ್ಲರಿಗೂ ನಮಸ್ಕಾರ. ತೋಟದ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಪೆಟ್ಟಿಗೆಗಳಲ್ಲಿ ಒಂದು ಕುಟುಂಬ ಜುಲೈ ಮಳೆಗೆ ಹಾರಿಹೋಗಿದೆ, ಉಳಿದವೂ ಸೊರಗುತ್ತಿವೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಉಳಿದವು ಗಟ್ಟಿಯಾಗಿವೆ.

ಕೈಹಿಡಿದದ್ದು ಸುಳ್ಯದ ಕಡೆಯ ಹಿರಿಯರೊಬ್ಬರು ಹೇಳಿದ ಸಕ್ಕರೆ ಪಾಕ. ಸಕ್ಕರೆ, ನೀರು ಸಮ ಸಮ ಹಾಕಿ ಕುದಿಸಿ, ಆರಿಸಿ, ತೆಂಗಿನ ಚಿಪ್ಪಿನಲ್ಲಿ ಪೆಟ್ಟಿಗೆಯೊಳಗೇ ಇಡಬೇಕು. ಜೇನುಹುಳು ಮುಳುಗದಂತೆ ಮೇಲೆ ಸಣ್ಣ ಕಡ್ಡಿಗಳು. ಸಂಜೆಯೇ ಇಡಿ, ಹಗಲಲ್ಲಿ ಇಟ್ಟರೆ ಬೇರೆ ಗೂಡಿನವು ದೋಚಲು ಬರುತ್ತವೆ. ಖಾಲಿ ಎರಿಗಳನ್ನು (ಜೇನುಹುಳುಗಳು ಮೇಣದಲ್ಲಿ ಕಟ್ಟುವ ಕೋಣೆಗಳ ಹಾಳೆ) ತೆಗೆದ ಮೇಲೆ, ಎರಿ ತಿನ್ನುವ ಮೇಣದ ಹುಳುವಿನ ಕಾಟವೂ ಇಳಿಯಿತು.

ರಾಣಿ ಗೇಟ್ (ರಾಣಿ ಜೇನು ಹೊರಹೋಗದಂತೆ ಪೆಟ್ಟಿಗೆಯ ಬಾಗಿಲಿಗೆ ಹಾಕುವ ತಡೆ) ಹಾಕುವ ಸಲಹೆ ಮಾತ್ರ ಉಪಯೋಗಕ್ಕೆ ಬರಲಿಲ್ಲ. ರಾಣಿ ಒಳಗೇ ಉಳಿದಳು, ಆದರೆ ಆಹಾರ ಇಲ್ಲದೆ ಸುಮ್ನೆ ಕೂಡಿಹಾಕಿದರೆ ಕುಟುಂಬ ಬೆಳೆಯುವುದಿಲ್ಲ ಅಲ್ವಾ?

ಪೆಟ್ಟಿಗೆ ಇಟ್ಟರೆ ವರ್ಷಪೂರ್ತಿ ಜೇನುತುಪ್ಪ ಅಂತ ಜನ ಅಂದುಕೊಳ್ಳುತ್ತಾರೆ. ನಿಜದಲ್ಲಿ ಕರಾವಳಿ, ಮಲೆನಾಡಿನ ಜೋರು ಮಳೆಯ ತಿಂಗಳುಗಳಲ್ಲಿ ನಾವೇ ಅವಕ್ಕೆ ಉಣಿಸಬೇಕು. ನನಗೆ ತುಂಬಾ ಆಶ್ಚರ್ಯವಾದ ಸಂಗತಿ ಇನ್ನೊಂದಿದೆ: ರಬ್ಬರ್ ತೋಟದ ಜೇನು ಬಹುಪಾಲು ಹೂವಿನದಲ್ಲ. ಎಲೆ ಉದುರಿ ಹೊಸದಾಗಿ ಚಿಗುರುವಾಗ ಎಲೆತೊಟ್ಟಿನ ತುದಿಯಲ್ಲಿ ಸಿಹಿರಸ ಒಸರುತ್ತದೆ, ಹುಳುಗಳು ಅದನ್ನೇ ತರುತ್ತವೆ.

ಮರಿಗಳು ನೀರು ತುಂಬಿದ ಚೀಲದಂತೆ ಊದಿ ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಇರಬಹುದು. ಅದಕ್ಕೆ ಪಾಕ ಮದ್ದಲ್ಲ. ಆ ಎರಿಗಳನ್ನು ಬೇರೆ ಪೆಟ್ಟಿಗೆಗೆ ಹಾಕಬೇಡಿ.