ಕಿಟ್ಟಿಗೆ ಮಾತ್ರೆ ಆಮೇಲೆ, ಮೊದಲು ಬಾಯಿ ನೋಡಿಸು

ಸುಮಾ, ನಿನ್ನ ಮೆಸೇಜ್ ಈಗ ನೋಡಿದೆ. ಕಿಟ್ಟಿ ಊಟ ಬಿಟ್ಟಿದ್ದಾನೆ, ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾನೆ, ಡಾಕ್ಟರು "ಇಂಥ ಮಕ್ಕಳು ಹಾಗೇ" ಅಂತ ನಿದ್ದೆ ಮಾತ್ರೆ ಬರೆದಿದ್ದಾರೆ, ಶುರು ಮಾಡಲಾ ದೊಡ್ಡಮ್ಮಾ ಅಂತ ಕೇಳಿದ್ದೀಯ. ಮಕ್ಕಳಂತೆ! ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನ, ಇದ್ದರೇನು, 30 ದಾಟಿದವನು. ತಡಿ ಮಾರಾಯ್ತಿ. ಮೊದಲು ಮೈ ಪೂರ್ತಿ ನೋಡಿಸು, ಆಮೇಲೆ ಮಾತ್ರೆ.

ಕಿಟ್ಟಿಯಂಥವನೇ ಆದ ನಮ್ಮ ರಘುವಿನ ಕಥೆ ನಿಮಗೆಲ್ಲ ಗೊತ್ತೇ ಇದೆ, ಆದರೂ ಹೇಳುತ್ತೇನೆ. ತೀರ್ಥಹಳ್ಳಿ ಮನೆಯಲ್ಲಿದ್ದಾಗ ಒಂದು ಮಳೆಗಾಲ ಅವನೂ ಹೀಗೇ ತಟ್ಟೆ ತಳ್ಳಲು ಶುರು ಮಾಡಿದ. ಅಕ್ಕಿರೊಟ್ಟಿ ಅಂದರೆ ಪ್ರಾಣ ಬಿಡುವವನು! ರಾತ್ರಿಯೆಲ್ಲ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಡಾಕ್ಟರು ಬಾಯಿ ತೆಗೆಸಲೂ ಇಲ್ಲ. ಮೇಜಿನ ಆಚೆಯಿಂದಲೇ "ಹಠ ಜಾಸ್ತಿಯಾಗಿದೆ" ಅಂದು ನಿದ್ದೆ ಮಾತ್ರೆ ಬರೆದರು. ಮಾತ್ರೆ ತಿಂದು ಮೂಲೆಯಲ್ಲಿ ಜೊಲ್ಲು ಸುರಿಸಿಕೊಂಡು ಕೂತ. ಈಗ ಪರವಾಗಿಲ್ಲ, ಶಾಂತವಾಗಿದ್ದಾನೆ ಅಂದರು ಎಲ್ಲರೂ. ಶಾಂತ! ಕೆನ್ನೆ ಊದಿ ಜ್ವರ ಬಂದ ಮೇಲೆ ಹಲ್ಲಿನ ಡಾಕ್ಟರು ಟಾರ್ಚ್ ಹಾಕಿ ನೋಡಿದರೆ ಹಿಂದಿನ ದವಡೆ ಹಲ್ಲು ಪೂರ್ತಿ ಹುಳುಕು, ಕೆಳಗೆ ಕೀವು. ನೋಯುತ್ತಿದೆ ಅಂತ ಬಾಯಲ್ಲಿ ಹೇಳಲು ಬಾರದವನು ಇನ್ನೇನು ಮಾಡಿಯಾನು? ಹಲ್ಲು ಕಿತ್ತ ಮೇಲೆ ಗೋಡೆ ಹತ್ತಿರವೂ ಹೋಗಲಿಲ್ಲ.

ಇನ್ನೊಂದು ಸಲ ಹೇಳುತ್ತೇನೆ, ಮೈ ನೋಡಿಸದೆ ನಿದ್ದೆ ಮಾತ್ರೆ ಬೇಡ. ಫಿಟ್ಸ್ ಮಾತ್ರೆ ಬೇರೆ, ಅದನ್ನು ಮಾತ್ರ ಒಂದು ಹೊತ್ತೂ ತಪ್ಪಿಸಬೇಡ.

ರಘು ಹಾಗೆ ಮಲಗಿದ್ದಾಗ ಒಬ್ಬರೂ ಬಂದು ನೋಡಲಿಲ್ಲ ಬಿಡಿ. ಗೃಹಪ್ರವೇಶಕ್ಕೆ ಕರೆಯುವಾಗ "ಅಕ್ಕಾ, ಅವನನ್ನು ಯಾರ ಹತ್ತಿರವಾದರೂ ಬಿಟ್ಟು ಬನ್ನಿ" ಅಂದವರು ಈ ಗ್ರೂಪಿನಲ್ಲೇ ಇದ್ದಾರೆ. ಹೆಸರು ಹೇಳಲ್ಲ. ನಾನೂ ಹೋಗಲಿಲ್ಲ. ಪಂಕ್ತಿಯಲ್ಲಿ ಕೂತರೆ ಎಲೆಯಲ್ಲಿ ಒಂದಗುಳು ಬಿಡದವನು ಅವನು. ಇವರ ಮೊಮ್ಮಕ್ಕಳೋ, ಮೊಬೈಲ್ ಕೊಡದೆ ತುತ್ತು ನುಂಗಲ್ಲ. ಇರಲಿ.

ಅಯ್ಯೋ, ಹೇಳಬೇಕಾದ್ದೇ ಮರೆತೆ. ನಾಳೆ ಹಲ್ಲಿನ ಡಾಕ್ಟರ ಹತ್ತಿರ ಮೊದಲ ಟೋಕನ್ ತಗೋ, ಕಾಯಿಸಿದರೆ ಕಿಟ್ಟಿ ಕೂರಲ್ಲ. ಕಿವಿಯಲ್ಲಿ ಗುಗ್ಗೆ ಕಟ್ಟಿದೆಯಾ ನೋಡಿಸು. ಮೋಷನ್ ಸರಿಯಾಗಿ ಆಗುತ್ತಿದೆಯಾ ಗಮನಿಸು, ಮಲಬದ್ಧತೆಗೂ ಹೀಗೆ ರಂಪ ಮಾಡುತ್ತಾರೆ. ಡೌನ್ ಸಿಂಡ್ರೋಮ್ ಇರುವವರಿಗೆ ಥೈರಾಯ್ಡ್ ತೊಂದರೆ ಜಾಸ್ತಿ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಆಗಲೇಬೇಕು. ಇಂಥವರಿಗೆಂದೇ ಇರುವ ಸರ್ಕಾರದ ಆರೋಗ್ಯ ವಿಮೆ, ನಿರಾಮಯ, ಮಾಡಿಸಿದ್ದೀಯಲ್ಲ? 1 ಲಕ್ಷದವರೆಗೆ ಇದೆ, ಅಡ್ಮಿಟ್ ಆಗದ ಖರ್ಚಿಗೂ ಒಂದು ಮಿತಿಯವರೆಗೆ ಕೊಡುತ್ತಾರೆ. ಪ್ರತಿ ವರ್ಷ ರಿನ್ಯೂ ಮಾಡಿಸದಿದ್ದರೆ ಹೋಯಿತು, ಈಗಲೇ ದಿನಾಂಕ ನೋಡು. ಬಿಲ್ಲು, ಚೀಟಿ ಎಲ್ಲ ಎತ್ತಿಡು. ಮುರಳಿ, ಕೇಳಿಸಿತಾ? ಬೆಳಿಗ್ಗೆ ಕಾರು ತಗೊಂಡು ಸುಮಾ ಮನೆಗೆ ಹೋಗು.