ಸಪೂರ ಸಿಗರೇಟಿನ ಫಾರ್ವರ್ಡ್

ಗುಂಪು: ಗಂಗೋತ್ರಿ ಎಂ.ಎಸ್ಸಿ. 94

ನಾಗರಾಜ, ಹುಣಸೂರು: [ಫಾರ್ವರ್ಡ್] "ಸಿಗರೇಟು ಕಂಪನಿಗಳು ಹೆಂಗಸರನ್ನಾಗಲಿ ಅಮೆರಿಕದ ಕಪ್ಪು ಜನರನ್ನಾಗಲಿ ಗುರಿ ಮಾಡಿಲ್ಲ. ಅವರೇ ಕೇಳಿದ್ದಕ್ಕೆ ಸಪೂರ ಸಿಗರೇಟು, ತಂಪು ಸಿಗರೇಟು ಕೊಟ್ಟರು. ಅದರಲ್ಲಿ ವಿಷವೂ ಕಮ್ಮಿ."
ಓದ್ರಪ್ಪ. ಎಲ್ಲದಕ್ಕೂ ಕಂಪನಿ ಬೈಯೋದು ಸಾಕು.

ಶೈಲಜಾ: ಅವರೇ ಕೇಳಿದ್ರಾ? 1929ರ ಈಸ್ಟರ್ ದಿನ ನ್ಯೂಯಾರ್ಕ್ ಮೆರವಣಿಗೇಲಿ ಹುಡುಗೀರ ಕೈಲಿ ಸಿಗರೇಟು ಹಚ್ಚಿಸಿ, 'ಸ್ವಾತಂತ್ರ್ಯದ ಪಂಜು' ಅಂತ ಸುದ್ದಿ ಮಾಡಿಸಿದ್ದು ಎಡ್ವರ್ಡ್ ಬರ್ನೇಸ್ ಅನ್ನೋ ಪ್ರಚಾರ ತಜ್ಞ. ದುಡ್ಡು ಅಮೆರಿಕನ್ ಟೊಬ್ಯಾಕೊ ಕಂಪನೀದು. ಅದೇ ಕಂಪನಿಯ ಲಕ್ಕಿ ಸ್ಟ್ರೈಕ್‌ನ ಹಸಿರು ಪ್ಯಾಕು ತಮ್ಮ ಬಟ್ಟೆಗೆ ಹೊಂದಲ್ಲ ಅಂತ ಹೆಂಗಸರು ಮೂಗು ಮುರಿದಾಗ ಪ್ಯಾಕಿನ ಬಣ್ಣ ಬದಲಾಯಿಸಲಿಲ್ಲ. 1934ರಲ್ಲಿ ಹಸಿರನ್ನೇ ಫ್ಯಾಷನ್ ಮಾಡಕ್ಕೆ ಹೊರಟರು!

ನಾಗರಾಜ: ಅಜ್ಜನ ಕಾಲದ ಕತೆ ಕಣೇ.

ಶೈಲಜಾ: 1968, ಹೆಂಗಸರಿಗೆ ಅಂತಲೇ ತಂದ ಸಿಗರೇಟು ವರ್ಜೀನಿಯಾ ಸ್ಲಿಮ್ಸ್. ಸುತ್ತಳತೆ 23 ಮಿ.ಮೀ., ಮಾಮೂಲಿ ಸಿಗರೇಟು 25ರ ಹತ್ತಿರ. ಅಷ್ಟು ಸಣ್ಣ ಮಾಡಿ, ಸಣ್ಣಗಾಗೋ ಆಸೇನೇ ಮಾರಿದ್ರು. 1990ರಲ್ಲಿ ಆರ್.ಜೆ. ರೆನಾಲ್ಡ್ಸ್ 'ಅಪ್‌ಟೌನ್' ಅನ್ನೋ ಮೆಂಥಾಲ್ (ಪುದೀನದಂಥ ತಂಪಿನ) ಸಿಗರೇಟನ್ನ ಫಿಲಡೆಲ್ಫಿಯಾದ ಕಪ್ಪು ಜನರಿಗೆ ಅಂತಲೇ ತರಕ್ಕೆ ಹೋಯ್ತು. ಊರಿನ ಜನ ಎದ್ದರು, ಆರೋಗ್ಯ ಮಂತ್ರಿ ಲೂಯಿಸ್ ಸಲ್ಲಿವನ್ ಛೀಮಾರಿ ಹಾಕಿದರು. ಅಂಗಡಿಗೆ ಬರೋ ಮೊದಲೇ ಕೈಬಿಟ್ಟರು.

ರಫೀಕ್: 'ವಿಷ ಕಮ್ಮಿ' ಅನ್ನೋದೇ ಇದ್ರಲ್ಲಿ ಅಪಾಯದ ಸಾಲು. 'ಲೈಟ್' ಸಿಗರೇಟಿನ ಫಿಲ್ಟರ್ ಸುತ್ತ ಕಣ್ಣಿಗೆ ಕಾಣದಷ್ಟು ತೂತು ಇರುತ್ತೆ. ಪರೀಕ್ಷೆ ಮಾಡೋ ಯಂತ್ರ ಹೊಗೆ ಎಳೆದಾಗ ಅಲ್ಲಿಂದ ಗಾಳಿ ಸೇರಿ ಟಾರ್ ಕಮ್ಮಿ ತೋರಿಸುತ್ತೆ. ಸೇದೋರ ತುಟಿ, ಬೆರಳು ಆ ತೂತನ್ನೇ ಮುಚ್ಚುತ್ತೆ. ಜೊತೆಗೆ ನಿಕೋಟಿನ್ ಸಾಲದೆ ಆಳವಾಗಿ ಎಳೀತಾರೆ. ಮೆಂಥಾಲ್ ಗಂಟಲಿನ ಉರಿ ಮರೆಸುತ್ತೆ, ಹೊಸಬರನ್ನ ತಡೀತಿದ್ದ ಕೆಮ್ಮೇ ಹೋಯ್ತು. ಅಮೆರಿಕದ 2009ರ ಕಾನೂನು ಹಣ್ಣು, ಚಾಕೊಲೇಟ್ ಸುವಾಸನೆ ನಿಷೇಧಿಸಿ ಮೆಂಥಾಲ್ ಒಂದನ್ನ ಬಿಟ್ಟಿತು. 2022ರಲ್ಲಿ ಅದಕ್ಕೂ ನಿಷೇಧದ ಪ್ರಸ್ತಾವ ಬಂತು, 2025ರ ಜನವರೀಲಿ ವಾಪಸ್.

ಸೋಮಣ್ಣ, ಮಂಡ್ಯ: ಅಮೆರಿಕ ಬಿಡ್ರಯ್ಯ. ಮದ್ದೂರು ಸಂತೇಲಿ ಯಾವ ಹೆಂಗಸು ಸ್ಲಿಮ್ಸ್ ಸೇದ್ತಾಳೆ?

ರಫೀಕ್: ಕೇಳಬೇಕಾದ್ದೇ. 2016-17ರ ಗ್ಯಾಟ್ಸ್ (ದೊಡ್ಡವರ ತಂಬಾಕು ಬಳಕೆಯ) ಸಮೀಕ್ಷೆ ಪ್ರಕಾರ ದೇಶದ ಹೆಂಗಸರಲ್ಲಿ ಸೇದೋರು ಶೇ. 2, ಹೊಗೆಯಿಲ್ಲದ ತಂಬಾಕು ಬಳಸೋರು ಶೇ. 12.8. ನಮ್ಮ ಕಡೆ ಅಂದ್ರೆ ಎಲೆಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ. ಪ್ಯಾಕಿನ ಮೇಲೆ ಶೇ. 85 ಜಾಗ ಎಚ್ಚರಿಕೆಗೆ ಅಂತ ನಿಯಮ. ಬಿಡಿ ಸೊಪ್ಪಿಗೆ ಪ್ಯಾಕೇ ಇಲ್ಲ, ಚಿತ್ರ ಎಲ್ಲಿಂದ ಬರುತ್ತೆ?

ನಾಗರಾಜ: ಅದಕ್ಕೆ ಜಾಹೀರಾತೂ ಇಲ್ವಲ್ಲ! ಗೆದ್ದೆ 😀

ಶೈಲಜಾ: ಬಿಡಿ ಸೊಪ್ಪಿಗೆ ಇಲ್ಲ, ಒಪ್ಪಿದೆ. ಪಾನ್ ಮಸಾಲಕ್ಕೆ? 2013ರಿಂದ ರಾಜ್ಯದಲ್ಲಿ ಗುಟ್ಕಾ ನಿಷೇಧ. ಈಗ ಪಾನ್ ಮಸಾಲ ಒಂದು ಸ್ಯಾಷೆ, ತಂಬಾಕು ಇನ್ನೊಂದು, ಜೋಡೀಲಿ ಸಿಗುತ್ತೆ. ಬಾಯಲ್ಲಿ ಬೆರೆತ್ರೆ ಗುಟ್ಕಾ. ಟಿವೀಲಿ ಅದೇ ಹೆಸರಿನ ಏಲಕ್ಕಿ ಜಾಹೀರಾತು. ಕೊಟ್ಪಾ (ದೇಶದ ತಂಬಾಕು ನಿಯಂತ್ರಣ ಕಾನೂನು) ನಿಯಮದಲ್ಲಿ ತಂಬಾಕು ಅಂಗಡಿ ಬೋರ್ಡು 60×45 ಸೆಂ.ಮೀ. ಮೀರಬಾರದು, ಬ್ರಾಂಡ್ ಹೆಸರು ಬೇಡ, ಹಿಂದೆ ಲೈಟೂ ಬೇಡ. ಏಲಕ್ಕಿ ಹೋರ್ಡಿಂಗ್‌ಗೆ ಯಾರು ಟೇಪ್ ಹಿಡೀತಾರೆ?

ನಾಗರಾಜ: ಹಂಗಾದ್ರೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರ ಏನ್ಮಾಡ್ಬೇಕು?

ರಫೀಕ್: ಅದು ದೊಡ್ಡ ಚರ್ಚೆ, ಬೇರೆ ಮಾಡೋಣ. ನಿನ್ನ ಫಾರ್ವರ್ಡಲ್ಲಿ ಬೆಳೆಗಾರನ ಸುದ್ದೀನೇ ಇಲ್ವಲ್ಲೋ. 'ವಿಷ ಕಮ್ಮಿ' ಇದೆ. ಅದನ್ನ ತೆಗಿ.

ನಾಗರಾಜ: ಆ ಸಾಲು ಬೇಕಾದ್ರೆ ತೆಗೀತೀನಿ. ಉಳಿದಿದ್ದು ಇರ್ಲಿ.

ಸೋಮಣ್ಣ, ಮಂಡ್ಯ: ಫಾರ್ವರ್ಡಲ್ಲಿ ಒಂದೇ ಸಾಲು ಅಳಿಸಕ್ಕಾಗಲ್ಲ ಕಣ್ಲಾ. ಪೂರ್ತಿ ಡಿಲೀಟ್ ಹೊಡಿ.