ಇಲಿಯ ಶ್ವಾಸಕೋಶದ ಸ್ಕ್ಯಾನ್‌ನಲ್ಲಿ ಬಿಳಿ ಕಂಡರೆ ಆಸ್ತಮಾನಾ?

ಸಂಶೋಧನಾ ವಿದ್ಯಾರ್ಥಿನಿ: ಮೇಡಂ, ಓವಾಲ್ಬುಮಿನ್ (ಮೊಟ್ಟೆಯ ಬಿಳಿಯ ಪ್ರೋಟೀನ್) ಕೊಟ್ಟು ಇಲಿಗಳಲ್ಲಿ ಆಸ್ತಮಾ ತರಿಸಿದ್ದೇನೆ. ಶ್ವಾಸನಾಳ ಬಿಗಿಸುವ ಮಿಥಾಕೊಲಿನ್ ಉಸಿರಿಗೆ ಕೊಟ್ಟರೆ ರೆಸಿಸ್ಟೆನ್ಸ್ (ಗಾಳಿಯ ಹರಿವಿಗೆ ಆಗುವ ತಡೆ) ಚೆನ್ನಾಗಿ ಏರುತ್ತದೆ. ಮೈಕ್ರೋ ಸಿಟಿಯಲ್ಲಿ (ಸಣ್ಣ ಪ್ರಾಣಿಗಳ ಸಿಟಿ ಸ್ಕ್ಯಾನ್) ಮಾತ್ರ ಶ್ವಾಸನಾಳ ಕಿರಿದಾಗಿ ಕಾಣುತ್ತಿಲ್ಲ, ಬೆನ್ನಿನ ಕಡೆ ಬಿಳಿ ಇದೆ. ಅದೇ ಆಸ್ತಮಾ ಅಂತ ಬರೆಯಲಾ?

ತಜ್ಞೆ: ಬರೆಯಬೇಡಿ. ನನಗೆ ಆ ಬಿಳಿಯದ್ದೇ ಚಿಂತೆ. ಅರಿವಳಿಕೆ ಕೊಟ್ಟು ಅಂಗಾತ ಮಲಗಿಸಿದ ಆರೋಗ್ಯವಂತ ಇಲಿಯಲ್ಲೂ ಬೆನ್ನಿನ ಕಡೆಯ ಶ್ವಾಸಕೋಶ ಕುಸಿಯುತ್ತದೆ. ಒಮ್ಮೆ ಆಳವಾಗಿ ಗಾಳಿ ತುಂಬಿಸಿ, ಸ್ವಲ್ಪ ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಇಟ್ಟು ಮತ್ತೆ ಸ್ಕ್ಯಾನ್ ಮಾಡಿ. ಬಿಳಿ ಹೋದರೆ ಅದು ಕುಸಿತ. ಇದನ್ನು ಮಿಥಾಕೊಲಿನ್‌ಗೆ ಮೊದಲೇ ಮಾಡಿ. ಆಮೇಲೆ ಮಾಡಿದರೆ ಬಿಗಿದ ನಾಳವೂ ಸಡಿಲವಾಗಬಹುದು.

ಇನ್ನೊಂದು, ಉಸಿರಿಗೆ ಕೊಟ್ಟ ಮಿಥಾಕೊಲಿನ್‌ನ ಬಿಗಿತ ಬೇಗ ಇಳಿಯುತ್ತದೆ. ನಿಮ್ಮ ಸ್ಕ್ಯಾನ್ ಮುಗಿಯುವವರೆಗೂ ಅದು ಉಳಿದಿತ್ತಾ? ರಕ್ತನಾಳಕ್ಕೆ ನಿಧಾನವಾಗಿ ಹರಿಸುತ್ತಾ ಇದ್ದರೆ ಉಳಿಯುತ್ತದೆ. ಸಣ್ಣ ನಾಳಗಳಂತೂ ಸಿಟಿಗೆ ನೇರವಾಗಿ ಸಿಗುವುದೇ ಕಷ್ಟ. ಉಸಿರಿಗೆ ಗೇಟಿಂಗ್ ಮಾಡಿ, ಅಂದರೆ ಚಿತ್ರಗಳನ್ನು ಉಸಿರಾಟದ ಹಂತಕ್ಕೆ ಹೊಂದಿಸಿ, ಉಸಿರು ತುಂಬಿದಾಗಿನ ಮತ್ತು ಬಿಟ್ಟಾಗಿನ ಚಿತ್ರಗಳನ್ನು ಹೋಲಿಸಿ. ಯಾವ ಭಾಗಕ್ಕೆ ಗಾಳಿ ಹೋಗುತ್ತಿಲ್ಲ ಅಂತ ಆಗ ಗೊತ್ತಾಗುತ್ತದೆ. ರೆಸಿಸ್ಟೆನ್ಸ್ ಇಡೀ ಶ್ವಾಸಕೋಶಕ್ಕೆ ಒಂದೇ ಅಂಕಿ ಕೊಡುತ್ತದೆ, ತೊಂದರೆ ಎಲ್ಲಿದೆ ಅಂತ ಹೇಳುವುದಿಲ್ಲ. ಬರೀ ಉಪ್ಪುನೀರು ಕೊಟ್ಟ ಸಲೈನ್ ಗುಂಪಿಗೂ ಇದೆಲ್ಲ ಹಾಗೇ ಆಗಬೇಕು.

ಸದಸ್ಯ 1: ಇಲಿಯನ್ನು ಪೆಟ್ಟಿಗೆಯಲ್ಲಿಟ್ಟು ಅಳೆಯುವ ಪೆನ್‌ಎಚ್ ಅಂಕಿ ಸಾಕಲ್ವಾ ಮೇಡಂ?

ತಜ್ಞೆ: ಸಾಲದು. ಅದು ಉಸಿರಾಟದ ರೀತಿ ತೋರಿಸುತ್ತದೆ, ನಾಳದ ಬಿಗಿತವನ್ನಲ್ಲ.

ಸದಸ್ಯ 2: ಕ್ಸೆನಾನ್ ಅನಿಲ ಬಳಸಿ ಸಿಂಕ್ರೊಟ್ರಾನ್‌ನಲ್ಲಿ (ತುಂಬಾ ಪ್ರಬಲ ಎಕ್ಸ್‌-ರೇ ಕೊಡುವ ಯಂತ್ರ) ಹೇಗೆ ನೋಡುತ್ತಾರೆ?

ತಜ್ಞೆ: ಪ್ರಾಣಿ ಕ್ಸೆನಾನ್ ಉಸಿರಾಡುತ್ತಿರುವಾಗ 34.56 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಎರಡು ಎಕ್ಸ್‌-ರೇ ಚಿತ್ರ ತೆಗೆಯುತ್ತಾರೆ. ಆ ಶಕ್ತಿ ದಾಟಿದೊಡನೆ ಕ್ಸೆನಾನ್ ಎಕ್ಸ್‌-ರೇಯನ್ನು ಥಟ್ಟನೆ ಹೆಚ್ಚು ಹೀರುತ್ತದೆ. ಒಂದರಿಂದ ಇನ್ನೊಂದು ಕಳೆದರೆ ಗಾಳಿ ತಲುಪಿದ ಜಾಗ ಉಳಿಯುತ್ತದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಮೊಲಗಳ ಮೇಲೆ ಹೀಗೆ ಮಾಡಿದ್ದಾರೆ. ತುಂಬಾ ಚೆಂದದ ವಿಧಾನ.

ಸದಸ್ಯ 3: ಫಾರ್ವರ್ಡ್: "ಬೇರಿನ ಪುಡಿ ತಿಂದ ಇಲಿಯ ಸ್ಕ್ಯಾನ್ ಸ್ವಚ್ಛ. ಇನ್ಹೇಲರ್ ಬಿಡಿ."

ತಜ್ಞೆ: ಯಾರೂ ಇನ್ಹೇಲರ್ ಬಿಡಬೇಡಿ. ಜೀವ ಹೋಗಬಹುದು. ಇಲಿಗೆ ಆಸ್ತಮಾ ತಾನಾಗಿ ಬರುವುದಿಲ್ಲ, ನಾವು ತರಿಸುತ್ತೇವೆ. ಅದರ ಚಿತ್ರ ನೋಡಿ ಮನುಷ್ಯರ ಔಷಧಿ ನಿಲ್ಲಿಸುವುದಾ? ಇಂಥದ್ದನ್ನು ಇಲ್ಲಿ ಹಾಕಬೇಡಿ ಅಂತ ಹಿಂದೆಯೂ ಹೇಳಿದ್ದೇನೆ.

ಸದಸ್ಯ 4: ತಾನಾಗಿ ಬರದಿದ್ದರೆ ಸುಮ್ನೆ ಯಾಕೆ ಹಿಂಸೆ?

ಸದಸ್ಯ 2: ಸ್ಕ್ಯಾನ್ ಇದ್ದರೆ ಅದೇ ಇಲಿಯನ್ನು ವಾರವಾರ ನೋಡಬಹುದು. ಕೊಲ್ಲುವುದು ಕಡಿಮೆಯಾಗುತ್ತದೆ.

ಸದಸ್ಯ 4: ಪದೇ ಪದೇ ವಿಕಿರಣ ಕೊಡುವುದು ದಯೆನಾ?

ಸದಸ್ಯ 2: ಎಂಆರ್‌ಐಗೆ ವಿಕಿರಣ ಇಲ್ಲ. ಓದಿಕೊಂಡು ಮಾತಾಡಿ.

ಸದಸ್ಯ 4: ನಿಮ್ಮಿಂದ ಕಲಿಯಬೇಕಿಲ್ಲ.

ಸದಸ್ಯ 5: ಓವಾಲ್ಬುಮಿನ್ ಬದಲು ಧೂಳುಹುಳದ ಸಾರ ಕೊಟ್ಟು ಆಸ್ತಮಾ ತರಿಸಿದ ಇಲಿಗೂ ಇದೇ ಪೀಪ್ ಸಾಕಾ?

ಸದಸ್ಯ 1: ಹಾಗಾದರೆ ಪೆನ್‌ಎಚ್ ಬೇಡ್ವಾ?

ತಜ್ಞೆ: ಮೇಲೆ ಓದಿ.